ಇಟ್ಟಿಗೆ ಗೂಡಿನಿಂದ ಬಲಾಂಗೀರ್‌ವರೆಗೆ: ಒಂದು ಪ್ರಮಾಣಪತ್ರದ ಸುತ್ತ

ಪಶ್ಚಿಮ ಒಡಿಶಾದ ಬಲಾಂಗೀರ್, ನುವಾಪಾಡಾ, ಕಾಲಾಹಾಂಡಿ ಜಿಲ್ಲೆಗಳಲ್ಲಿ ಹೊಸ ಅಕ್ಕಿಯ ಹಬ್ಬವಾದ ನುವಾಖಾಯಿಯ ಹೊತ್ತಿಗೆ ದಲ್ಲಾಳಿಗಳು ಮುಂಗಡದ ಹಣ ಹಿಡಿದು ಊರೂರು ತಿರುಗತೊಡಗುತ್ತಾರೆ. ಮಳೆಯನ್ನೇ ನಂಬಿದ ಒಂದು ಬೆಳೆ ಮುಗಿದ ಮೇಲೆ ಅಲ್ಲಿ ಕೂಲಿಗೆ ಹೆಚ್ಚಿನ ದಾರಿಯಿಲ್ಲ. ಮದುವೆಯ ಸಾಲ, ಆಸ್ಪತ್ರೆಯ ಸಾಲ, ಹಬ್ಬದ ಖರ್ಚು ಎಲ್ಲವೂ ಒಟ್ಟಿಗೆ ಬಾಗಿಲಿಗೆ ಬಂದು ನಿಂತಿರುತ್ತವೆ. ಗಂಡ, ಹೆಂಡತಿ ಮತ್ತು ಒಂದು ಮಗು ಸೇರಿದ ತಂಡವನ್ನು ಒಂದು ಘಟಕವೆಂದು ಲೆಕ್ಕ ಹಾಕಿ, ಆ ಘಟಕಕ್ಕೆ ಇಷ್ಟು ಎಂದು ಮುಂಗಡ ಕೊಡುತ್ತಾರೆ. ಮಳೆಗಾಲ ಮುಗಿಯುತ್ತಿದ್ದಂತೆ ಕಾಂಟಾಬಾಂಜಿಯಂಥ ನಿಲ್ದಾಣಗಳಿಂದ ಈ ಕುಟುಂಬಗಳು ತೆಲಂಗಾಣ, ಆಂಧ್ರ, ತಮಿಳುನಾಡು ಮತ್ತು ನಮ್ಮ ಕರ್ನಾಟಕದ ಇಟ್ಟಿಗೆ ಗೂಡುಗಳಿಗೆ ಹೊರಡುತ್ತವೆ. ಎಲ್ಲವೂ ಹಾಡಹಗಲಿನಲ್ಲಿ, ಟಿಕೆಟ್ ತೆಗೆದುಕೊಂಡು ನಡೆಯುವ ಪ್ರಯಾಣ.

ಮಾಲೂರು, ಹೊಸಕೋಟೆ, ಆನೇಕಲ್, ನೆಲಮಂಗಲ, ದೊಡ್ಡಬಳ್ಳಾಪುರ ಎಂದು ಬೆಂಗಳೂರಿನ ಸುತ್ತ ಹರಡಿಕೊಂಡಿರುವ ಪ್ರದೇಶದಲ್ಲಿ ಮಾನವ ಕಳ್ಳಸಾಗಣೆಯನ್ನು ತಡೆಯುವ ಯೋಜನೆಯೊಂದರ ಉಸ್ತುವಾರಿ ನನ್ನದು. ನಮ್ಮದು ಸರ್ಕಾರೇತರ ಸಂಸ್ಥೆ. ಆದ್ದರಿಂದ ಯಾರನ್ನೂ ಬಿಡಿಸುವ ಅಧಿಕಾರ ನಮಗಿಲ್ಲ. ಮಾಹಿತಿ ಕೊಡುವುದು, ದುಭಾಷಿಯನ್ನು ಒದಗಿಸುವುದು, ಅಧಿಕಾರಿಗಳ ಜೊತೆ ನಿಂತು ಹೇಳಿಕೆ ಬರೆಸುವುದು, ಆಮೇಲೆ ಆ ಕುಟುಂಬಗಳ ಬೆನ್ನಿಗೆ ವರ್ಷಗಟ್ಟಲೆ ಇರುವುದು ಇಷ್ಟೇ ನಮ್ಮ ಕೆಲಸ. ಇದರಲ್ಲಿ ಪತ್ರಿಕೆಗೆ ಸುದ್ದಿಯಾಗುವುದು ದಾಳಿಯ ಒಂದು ದಿನ ಮಾತ್ರ. ಆದರೆ ಯೋಜನೆ ಗೆಲ್ಲುವುದೋ ಸೋಲುವುದೋ ಎಂಬುದು ಆ ದಿನ ಸಂಜೆಯಿಂದ ಉಪವಿಭಾಗಾಧಿಕಾರಿಗಳ ಕಚೇರಿಯಲ್ಲಿ ಸಿದ್ಧವಾಗುವ, ಇವರು ಜೀತದಲ್ಲಿದ್ದು ಬಿಡುಗಡೆಯಾದವರು ಎಂದು ಹೇಳುವ ಬಿಡುಗಡೆ ಪ್ರಮಾಣಪತ್ರದಿಂದ ತೀರ್ಮಾನವಾಗುತ್ತದೆ ಎಂಬುದು ಈ ಕೆಲಸ ನನಗೆ ಕಲಿಸಿದ ಸಂಗತಿ.

ಗೂಡಿನ ಮಾಲೀಕರು ಮೊದಲು ಹೇಳುವ ಮಾತು ಯಾವಾಗಲೂ ಒಂದೇ: “ದುಡ್ಡು ತಗೊಂಡು ತಾವೇ ಒಪ್ಪಿ ಬಂದವರು, ನಾವೇನು ಕಟ್ಟಿ ಹಾಕಿದ್ದೀವಾ?” ಈ ಮಾತನ್ನು ಕೆಲವು ಅಧಿಕಾರಿಗಳೂ ಅರ್ಧ ನಂಬಿರುತ್ತಾರೆ. ಕಾನೂನು ಮಾತ್ರ ಇದನ್ನು ಎಂದೋ ತಳ್ಳಿಹಾಕಿದೆ. ಸಂವಿಧಾನದ 23ನೆಯ ವಿಧಿ ಮಾನವ ವ್ಯಾಪಾರವನ್ನೂ ಬಲವಂತದ ದುಡಿಮೆಯನ್ನೂ ನಿಷೇಧಿಸುತ್ತದೆ. ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸುವುದೂ ಬಲವಂತದ ದುಡಿಮೆಯೇ ಎಂದು ಏಷ್ಯನ್ ಕ್ರೀಡಾಕೂಟದ ಕಾಮಗಾರಿಗಳ ಕಾರ್ಮಿಕರಿಗೆ ಸಂಬಂಧಿಸಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1982ರಲ್ಲೇ ಹೇಳಿದೆ. ಜೀತ ಪದ್ಧತಿ ರದ್ದತಿ ಕಾಯ್ದೆ 1976ರದು. ಅದರ ಪ್ರಕಾರ ಜೀತದ ಸಾಲ ತಾನಾಗಿಯೇ ರದ್ದಾಗುತ್ತದೆ ಮತ್ತು ಅದು ಜೀತದ ಸಾಲವಲ್ಲವೆಂದು ಸಾಬೀತುಪಡಿಸುವ ಹೊಣೆ ಸಾಲ ಕೊಟ್ಟವನ ಮೇಲಿರುತ್ತದೆ. 2013ರಲ್ಲಿ ತಿದ್ದುಪಡಿಯಾದ ಭಾರತೀಯ ದಂಡ ಸಂಹಿತೆಯ 370ನೆಯ ಕಲಮು, ಈಗಿನ ಭಾರತೀಯ ನ್ಯಾಯ ಸಂಹಿತೆಯ 143ನೆಯ ಕಲಮು, ಇನ್ನೂ ಸ್ಪಷ್ಟವಾಗಿದೆ: ಕಳ್ಳಸಾಗಣೆಯ ಅಪರಾಧವನ್ನು ನಿರ್ಧರಿಸುವಾಗ ಬಲಿಪಶುವಿನ ಒಪ್ಪಿಗೆ ಲೆಕ್ಕಕ್ಕೇ ಬರುವುದಿಲ್ಲ.

ಇಷ್ಟೆಲ್ಲ ಇದ್ದರೂ ವಿಚಾರಣೆಯ ದಿನ ಕೇಳುವ ಪ್ರಶ್ನೆ ತಪ್ಪಿದರೆ ಕಾನೂನು ಪುಸ್ತಕದಲ್ಲೇ ಉಳಿಯುತ್ತದೆ. ಒಂದು ಗೂಡಿನಲ್ಲಿ ನಡೆದದ್ದನ್ನು ಹೇಳುತ್ತೇನೆ. ಒಣಗಲು ಸಾಲಾಗಿ ಇಟ್ಟ ಹಸಿ ಇಟ್ಟಿಗೆಗಳ ಮೇಲೆ ಆರೇಳು ವರ್ಷದ ಹುಡುಗಿಯೊಬ್ಬಳು ನಡೆದುಕೊಂಡು ಹೋಗುತ್ತಾ, ಬಗ್ಗಿ ಬಗ್ಗಿ ಒಂದೊಂದನ್ನೇ ಮಗ್ಗುಲು ತಿರುಗಿಸುತ್ತಿದ್ದಳು. ಈ ಕೆಲಸಕ್ಕೆ ಮಕ್ಕಳೇ ಬೇಕು, ಏಕೆಂದರೆ ಅವರ ಭಾರಕ್ಕೆ ಹಸಿ ಇಟ್ಟಿಗೆ ಕೆಡುವುದಿಲ್ಲ. ಅಧಿಕಾರಿಗಳು ಅವಳ ತಂದೆಯನ್ನು ಕರೆದು ಹಿಂದಿಯಲ್ಲಿ “ಇಲ್ಲೇನಾದರೂ ತೊಂದರೆ ಇದೆಯೇ?” ಎಂದು ಕೇಳಿದರು. ಮೇಸ್ತ್ರಿ ಹತ್ತು ಅಡಿ ದೂರದಲ್ಲಿ ನಿಂತಿದ್ದ. ಆ ಮನುಷ್ಯ ತಲೆ ತಗ್ಗಿಸಿ ಇಲ್ಲವೆಂದ. ಅಲ್ಲಿಗೆ ವಿಚಾರಣೆ ಮುಗಿಯಿತು ಎನ್ನುವಂತಿತ್ತು.

ಸಂಬಲ್‌ಪುರಿ ಬಲ್ಲ ನಮ್ಮ ದುಭಾಷಿಯ ಮೂಲಕ, ಮೇಸ್ತ್ರಿಯನ್ನು ದೂರ ಕಳಿಸಿದ ಮೇಲೆ, ಪ್ರಶ್ನೆಯನ್ನು ಬದಲಿಸಿ ಕೇಳಿದೆವು. ಊರಿನಲ್ಲಿ ಯಾರಾದರೂ ತೀರಿಕೊಂಡಾಗ ಹೋಗಿದ್ದಿರಾ? ಹೋಗಿದ್ದೆ, ತಾಯಿ ಸತ್ತಾಗ. ಯಾರು ಯಾರು ಹೋದಿರಿ? ನಾನೊಬ್ಬನೇ; ಹೆಂಡತಿ ಮಕ್ಕಳನ್ನು ಇಲ್ಲೇ ಇಟ್ಟುಕೊಂಡಿದ್ದರು, ಐದು ದಿನದಲ್ಲಿ ವಾಪಸು ಬರಬೇಕೆಂದರು. ಆಧಾರ್ ಕಾರ್ಡು ಎಲ್ಲಿದೆ? ಆಫೀಸಿನಲ್ಲಿ. ಸಾವಿರ ಇಟ್ಟಿಗೆಗೆ ಎಷ್ಟು ಕೂಲಿ? ಗೊತ್ತಿಲ್ಲ, ಜೂನ್‌ನಲ್ಲಿ ಲೆಕ್ಕ ಮಾಡುತ್ತಾರೆ, ವಾರಕ್ಕೊಮ್ಮೆ ಅಕ್ಕಿಗೆ ದುಡ್ಡು ಕೊಡುತ್ತಾರೆ. ಮುಂಗಡದ ಸಾಲದ ಜೊತೆಗೆ ಜೀತವೆಂದು ತೀರ್ಮಾನಿಸಲು ಬೇಕಾದ ಎಲ್ಲವೂ ಈ ನಾಲ್ಕು ಉತ್ತರಗಳಲ್ಲಿತ್ತು: ಸಂಚಾರದ ಮೇಲಿನ ನಿರ್ಬಂಧ, ಒತ್ತೆಯಾದ ಕುಟುಂಬ, ಕನಿಷ್ಠ ಕೂಲಿಯ ಸುಳಿವಿಲ್ಲದಿರುವುದು. ತೊಂದರೆ ಇದೆಯೇ ಎಂಬ ಪ್ರಶ್ನೆಗೆ ಅವನು ಸುಳ್ಳನ್ನೇನೂ ಹೇಳಿರಲಿಲ್ಲ. ಹುಟ್ಟಿದಾಗಿನಿಂದ ಕಂಡದ್ದನ್ನು ತೊಂದರೆ ಎಂದು ಕರೆಯುವ ರೂಢಿ ಅವನಿಗಿರಲಿಲ್ಲ.

ಇನ್ನು ಪ್ರಮಾಣಪತ್ರದ ಮಾತು. ಗೂಡಿನ ಹಾಜರಿ ಪುಸ್ತಕದಲ್ಲಿ ಇರುವುದು ಗಂಡಸರ ಹೆಸರು ಮಾತ್ರ. ಮುಂಗಡ ಪಡೆದವನು ಅವನು, ಹೆಬ್ಬೆಟ್ಟು ಒತ್ತಿದವನು ಅವನು. ಮಣ್ಣು ಕಲಸಿದ ಹೆಂಡತಿ, ಇಟ್ಟಿಗೆ ತಿರುಗಿಸಿದ ಮಗು ಕಾಗದದ ಮೇಲೆ ಇರುವುದೇ ಇಲ್ಲ. ಕಚೇರಿಯ ಗುಮಾಸ್ತರು ಆ ಪುಸ್ತಕವನ್ನೇ ಮುಂದಿಟ್ಟುಕೊಂಡು ಪಟ್ಟಿ ಮಾಡಿದರೆ ಹತ್ತು ಕುಟುಂಬಗಳಿಗೆ ಹತ್ತೇ ಪ್ರಮಾಣಪತ್ರಗಳು ಬರುತ್ತವೆ. ಇದು ಸಣ್ಣ ಕಚೇರಿ ದೋಷದಂತೆ ಕಾಣುತ್ತದೆ, ಆದರೆ ಅದರ ಬೆಲೆ ದೊಡ್ಡದು. 2016ರ ಕೇಂದ್ರ ಪುನರ್ವಸತಿ ಯೋಜನೆಯ ಪ್ರಕಾರ ಜೀತವಿಮುಕ್ತ ವಯಸ್ಕ ಗಂಡಸಿಗೆ 1 ಲಕ್ಷ ರೂಪಾಯಿ, ಮಹಿಳೆಯರು ಮತ್ತು ಮಕ್ಕಳಿಗೆ 2 ಲಕ್ಷ, ಕಳ್ಳಸಾಗಣೆ, ಲೈಂಗಿಕ ಶೋಷಣೆ, ಅಂಗವೈಕಲ್ಯದಂಥ ತೀವ್ರ ಪ್ರಕರಣಗಳಲ್ಲಿ 3 ಲಕ್ಷ ರೂಪಾಯಿ ಸಿಗಬೇಕು. ತಕ್ಷಣದ ನೆರವೆಂದು, 2022ರ ಪರಿಷ್ಕರಣೆಯ ನಂತರ, 30,000 ರೂಪಾಯಿವರೆಗೆ ಜಿಲ್ಲಾಡಳಿತವೇ ಕೊಡಬಹುದು. ಹೆಂಡತಿಯ ಹೆಸರಿನಲ್ಲಿ ಪ್ರತ್ಯೇಕ ಪ್ರಮಾಣಪತ್ರವಿಲ್ಲದಿದ್ದರೆ ಸರ್ಕಾರದ ದೃಷ್ಟಿಯಲ್ಲಿ ಅವಳು ಜೀತದಲ್ಲಿ ಇರಲೇ ಇಲ್ಲ. ಅವಳ ಪಾಲಿನ ಹಣವೂ ಹುಟ್ಟುವುದೇ ಇಲ್ಲ. ಹಾಗಾಗಿ ನಮ್ಮ ತಂಡಕ್ಕೆ ನಾನು ಹಾಕಿರುವ ಕಟ್ಟುನಿಟ್ಟಿನ ನಿಯಮವೆಂದರೆ, ಪ್ರತಿಯೊಬ್ಬ ವಯಸ್ಕರ ಹೇಳಿಕೆ ಬೇರೆ ಬೇರೆ ದಾಖಲಾಗದೆ ಯಾರೂ ಕಚೇರಿಯಿಂದ ಏಳಕೂಡದು, ರಾತ್ರಿ ಎಷ್ಟೇ ಹೊತ್ತಾದರೂ ಸರಿ.

ಹೆಸರು ಬರೆಯುವುದೂ ಒಂದು ದೊಡ್ಡ ಕೆಲಸವೇ. ಒಡಿಯಾದವರ ಬಾಯಲ್ಲಿ ‘ಅ’ಕಾರ ‘ಒ’ಕಾರದಂತೆ ಕೇಳಿಸುವುದರಿಂದ ಜಗನ್ನಾಥ ಎಂಬವನು ನಮ್ಮ ಗುಮಾಸ್ತರ ಕಿವಿಗೆ ಜೊಗೊನ್ನಾಥ ಆಗುತ್ತಾನೆ, ಅದು ಕನ್ನಡದಲ್ಲಿ ಹಾಗೆಯೇ ಬರೆಯಲ್ಪಟ್ಟು, ಅಲ್ಲಿಂದ ಇಂಗ್ಲಿಷಿಗೆ ಹೋಗಿ, ಬಲಾಂಗೀರಿನ ಬ್ಯಾಂಕಿನ ಮೇಜಿನ ಮೇಲೆ ಬೀಳುವ ಹೊತ್ತಿಗೆ ಆಧಾರ್‌ನಲ್ಲಿರುವ ಮನುಷ್ಯನೇ ಬೇರೆ, ಪ್ರಮಾಣಪತ್ರದಲ್ಲಿರುವ ಮನುಷ್ಯನೇ ಬೇರೆ ಎಂದಾಗುತ್ತದೆ. ಆಮೇಲೆ ತಿದ್ದುಪಡಿಗೆ ಬರೆದ ಪತ್ರ ಎರಡು ರಾಜ್ಯಗಳ ನಡುವೆ ತಿಂಗಳುಗಟ್ಟಲೆ ಓಡಾಡುತ್ತದೆ. ಮೊದಲು ಗೂಡಿನ ಆಫೀಸಿನಿಂದ ಆಧಾರ್ ಕಾರ್ಡುಗಳನ್ನು ಮಹಜರು ಮಾಡಿ ಪಡೆದು, ಅದನ್ನು ನೋಡಿಯೇ ಹೆಸರು ಬರೆಯಬೇಕೆಂದು ಈಗ ಪ್ರತಿ ಬಾರಿಯೂ ಕೇಳಿಕೊಳ್ಳುತ್ತೇವೆ. ಕೇಳಿಕೊಂಡದ್ದು ಪ್ರತಿ ಬಾರಿಯೂ ನಡೆಯುತ್ತದೆಂದಲ್ಲ.

ಪ್ರಮಾಣಪತ್ರದ ನಂತರದ ಜಗ್ಗಾಟ ಯಾವ ಕಾನೂನಿನಡಿ ಪ್ರಕರಣ ದಾಖಲಿಸಬೇಕು ಎಂಬುದರದು. ಜೀತ ಕಾಯ್ದೆಯಡಿ ಗರಿಷ್ಠ ಶಿಕ್ಷೆ 3 ವರ್ಷ ಜೈಲು ಮತ್ತು 2,000 ರೂಪಾಯಿ ದಂಡ. ದಂಡದ ಮೊತ್ತ 1976ರಲ್ಲಿ ಬರೆದದ್ದು ಬರೆದಂತೆಯೇ ಇದೆ. ಅದೇ ಸಂಗತಿಗಳ ಮೇಲೆ ಕಳ್ಳಸಾಗಣೆಯ ಕಲಮು ಹಾಕಿದರೆ ಒಬ್ಬರಿಗಿಂತ ಹೆಚ್ಚು ಜನರನ್ನು ಸಾಗಿಸಿದ್ದಕ್ಕೆ ಕನಿಷ್ಠ 10 ವರ್ಷ, ಒಂದಕ್ಕಿಂತ ಹೆಚ್ಚು ಮಕ್ಕಳಿದ್ದರೆ ಕನಿಷ್ಠ 14 ವರ್ಷ, ಗರಿಷ್ಠ ಜೀವಾವಧಿ. ಠಾಣೆಯಲ್ಲಿ ಹಗುರವಾದುದನ್ನೇ ಹಾಕಿ ಕೈತೊಳೆದುಕೊಳ್ಳುವ ಒಲವು ಹೆಚ್ಚು. ಅದಕ್ಕೆ ಕಾರಣ ಲಂಚವೊಂದೇ ಎಂದು ನಾನು ಹೇಳಲಾರೆ. ಕಳ್ಳಸಾಗಣೆಯ ಪ್ರಕರಣದಲ್ಲಿ ಒಡಿಶಾದ ದಲ್ಲಾಳಿಯನ್ನು ಹಿಡಿಯಬೇಕು, ಅಲ್ಲಿಗೆ ತಂಡ ಕಳಿಸಬೇಕು, ಮುಂಗಡದ ಹಣದ ಜಾಡು ಹುಡುಕಬೇಕು. ಒಂದು ತಾಲ್ಲೂಕು ಠಾಣೆಯ ಇನ್‌ಸ್ಪೆಕ್ಟರಿಗೆ ಬಂದೋಬಸ್ತಿನ ನಡುವೆ ಅಷ್ಟು ಪುರುಸೊತ್ತು ಇರುವುದಿಲ್ಲ. ಮಾನವ ಕಳ್ಳಸಾಗಣೆ ತಡೆ ಘಟಕಗಳು ಇರುವುದೇ ಇದಕ್ಕಾಗಿ, ಆದರೆ ಅಲ್ಲಿನ ಸಿಬ್ಬಂದಿಯನ್ನೂ ಬೇರೆ ಕೆಲಸಕ್ಕೆ ಎಳೆದುಕೊಳ್ಳುವುದನ್ನು ನೋಡುತ್ತಲೇ ಇದ್ದೇವೆ. ಎರಡೂ ಕಾನೂನುಗಳನ್ನು ಒಟ್ಟಿಗೆ ಹಾಕುವುದಕ್ಕೆ ಯಾವ ಅಡ್ಡಿಯೂ ಇಲ್ಲ. ಮಾಲೀಕನಿಗೆ ಭಯ ಹುಟ್ಟುವುದು ಎರಡನೆಯದರಿಂದಲೇ.

ಯೋಜನೆ ನಿರ್ವಹಣೆ ಎಂಬುದರ ಬಗ್ಗೆಯೂ ಹೇಳಬೇಕು. ಹಣ ಕೊಡುವವರು ವರ್ಷದ ಕೊನೆಗೆ ಕೇಳುವ ಮೊದಲ ಸಂಖ್ಯೆ ಬಿಡಿಸಿದವರೆಷ್ಟು ಎಂಬುದು. ಆ ಸಂಖ್ಯೆಯನ್ನು ಬೆಳೆಸುವುದು ಕಷ್ಟವಲ್ಲ. ದೊಡ್ಡ ಗೂಡುಗಳನ್ನೇ ಆರಿಸಿಕೊಂಡು ಮಾಹಿತಿ ಕೊಡುತ್ತ ಹೋದರಾಯಿತು. ಆದರೆ 1984ರ ನೀರಜಾ ಚೌಧರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಎಚ್ಚರಿಸಿದ್ದು ಇದನ್ನೇ: ಬಿಡುಗಡೆಯಾದವರಿಗೆ ಪುನರ್ವಸತಿ ಸಿಗದಿದ್ದರೆ ಬಡತನವೇ ಅವರನ್ನು ಮತ್ತೆ ಜೀತಕ್ಕೆ ತಳ್ಳುತ್ತದೆ. ಕಳೆದ ಬಾರಿ ಬಿಡುಗಡೆಯಾದ ಕುಟುಂಬ ಮತ್ತೊಂದು ರಾಜ್ಯದ ಗೂಡಿನಲ್ಲಿ ಸಿಕ್ಕಾಗ ಅದನ್ನು ಹೊಸ ಯಶಸ್ಸೆಂದು ಲೆಕ್ಕ ಹಾಕಲು ನನಗೆ ಮನಸ್ಸು ಬರುವುದಿಲ್ಲ. ಬಹಳ ಚರ್ಚೆಯ ನಂತರ ನಮ್ಮ ವರದಿಯ ಮೊದಲ ಸಾಲನ್ನು ಬದಲಿಸಿಕೊಂಡೆವು: ಎಷ್ಟು ಜನರ ಕೈಗೆ ಅವರವರ ಹೆಸರಿನ ಪ್ರಮಾಣಪತ್ರ ಸೇರಿತು, ಎಷ್ಟು ಜನರ ಖಾತೆಗೆ ಹಣ ಬಂತು, ಮುಂದಿನ ಹಂಗಾಮಿನಲ್ಲಿ ಎಷ್ಟು ಜನ ಊರಿನಲ್ಲೇ ಉಳಿದರು. ಸಂಖ್ಯೆಗಳು ಕುಗ್ಗಿದವು. ಒಬ್ಬ ದಾನಿ ಬೇಸರಪಟ್ಟು ಹಿಂದೆ ಸರಿದರು, ಉಳಿದವರಿಗೆ ಅರ್ಥವಾಯಿತು. ಬಿಡುಗಡೆಯಾದ ಮಕ್ಕಳ ಫೋಟೋ ಕಳಿಸಿ ಎಂಬ ಕೋರಿಕೆ ಮಾತ್ರ ಇನ್ನೂ ನಿಂತಿಲ್ಲ. ಇಂಥ ಮಕ್ಕಳ ಗುರುತು ಬಹಿರಂಗಪಡಿಸುವುದನ್ನು ನಿಷೇಧಿಸುವ ಬಾಲನ್ಯಾಯ ಕಾಯ್ದೆಯ 74ನೆಯ ಕಲಮನ್ನು ಉತ್ತರಕ್ಕೆ ಲಗತ್ತಿಸಿ ಕಳಿಸುವುದು ರೂಢಿಯಾಗಿದೆ.

ಬಜೆಟ್ಟಿನಲ್ಲಿ ಯಾರೂ ಬರೆಯದ ಖರ್ಚುಗಳೇ ಹೆಚ್ಚು. ಹೇಳಿಕೆ ಮುಗಿಯುವವರೆಗೆ ನಲವತ್ತು ಐವತ್ತು ಜನರನ್ನು ಎಲ್ಲಿ ಮಲಗಿಸುವುದು, ಹಾಲುಣ್ಣುವ ಕೂಸುಗಳಿಗೆ ಏನು ಕೊಡುವುದು, ಅನ್ನವಿಲ್ಲದ ಊಟವನ್ನು ಊಟವೆಂದೇ ಎಣಿಸದವರಿಗೆ ಚಪಾತಿ ತರಿಸಿದರೆ ಹೇಗೆ, ಅಷ್ಟು ಜನಕ್ಕೆ ಒಂದೇ ರೈಲಿನಲ್ಲಿ ಜಾಗ ಹೇಗೆ ಹೊಂದಿಸುವುದು. ಅಧಿಕಾರಿಗಳ ವರ್ಗಾವಣೆಯ ಬಗ್ಗೆ ಬರೆಯಲು ಹೊರಟರೆ ಬೇರೆಯೇ ಲೇಖನವಾದೀತು. ಒಬ್ಬರಿಗೆ ಕಾಯ್ದೆಯ ಹೊಳಹು ಹತ್ತುವಷ್ಟರಲ್ಲಿ ಇನ್ನೊಬ್ಬರು ಆ ಕುರ್ಚಿಯಲ್ಲಿರುತ್ತಾರೆ.

ಇವೆಲ್ಲಕ್ಕಿಂತ ಗಟ್ಟಿಯಾಗಿ ಕಟ್ಟಬೇಕಾದದ್ದು ಬಲಾಂಗೀರಿನ ತುದಿಯನ್ನು. ಪ್ರಕರಣ ನಡೆಯುವುದು ಇಲ್ಲಿ, ಸಾಕ್ಷಿಗಳಿರುವುದು ಅಲ್ಲಿ. ಸಮನ್ಸ್ ಬಂದಾಗ ಆ ಕುಟುಂಬ ಬೇರೊಂದು ರಾಜ್ಯಕ್ಕೆ ಗುಳೆ ಹೋಗಿದ್ದರೆ ಪ್ರಕರಣ ಅಲ್ಲಿಗೇ ಮುರಿದು ಬೀಳುತ್ತದೆ. ವಿಡಿಯೋ ಮೂಲಕ ಸಾಕ್ಷ್ಯ ಹೇಳಿಸಲು 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಧಾರಾಳವಾಗಿ ಅವಕಾಶ ಕೊಟ್ಟಿದೆ, ಆದರೆ ಕೊಂಡಿ ಹಾಕುವವರು ಎರಡೂ ಕಡೆ ಬೇಕು. ಅದಕ್ಕಾಗಿ ಅಲ್ಲಿನ ಸಂಸ್ಥೆಯೊಂದರ ಜೊತೆ ಸೇರಿ, ಊರಿಗೆ ಮರಳಿದವರ ಜಾಬ್ ಕಾರ್ಡು, ಪಡಿತರ ಚೀಟಿ, ಬ್ಯಾಂಕ್ ಖಾತೆಗಳ ಹಿಂದೆ ಬೀಳುವ ಇಬ್ಬರನ್ನು ನೇಮಿಸಿದ್ದೇವೆ. ಒಂದು ಊರಿನಲ್ಲಿ ಬಿಡುಗಡೆಯಾಗಿ ಬಂದ ಹೆಂಗಸರೇ ಸೇರಿ, ಹಬ್ಬದ ಹೊತ್ತಿಗೆ ಬಂದ ದಲ್ಲಾಳಿಯ ಮುಂದೆ ಕೂಲಿ ದರವನ್ನು ಕಾಗದದಲ್ಲಿ ಬರೆದುಕೊಡು ಎಂದು ಪಟ್ಟು ಹಿಡಿದರಂತೆ. ಅವನು ಬರೆದುಕೊಡಲಿಲ್ಲ, ಪಕ್ಕದ ಊರಿಗೆ ಹೋದ. ಪಕ್ಕದ ಊರಿನವರು ಹೊರಟರು. ಇದನ್ನೂ ವರದಿಯಲ್ಲಿ ಬರೆದಿದ್ದೇನೆ.

ಹೊರಗಿನಿಂದ ಬಂದವರದ್ದೇ ಸಮಸ್ಯೆ ಎಂದು ಓದುಗರು ತಿಳಿಯಬಾರದು. ರಾಯಚೂರು, ಯಾದಗಿರಿಗಳಿಂದ ಬೆಂಗಳೂರಿಗೆ ಗುಳೆ ಬರುವವರಲ್ಲೂ ಮುಂಗಡಕ್ಕೆ ಕಟ್ಟುಬಿದ್ದವರಿದ್ದಾರೆ. ಆನೇಕಲ್ ಸುತ್ತಿನ ಜೀತವಿಮುಕ್ತರ ಸಂಘಟನೆಯಾಗಿ ಬೆಳೆದ ಜೀವಿಕ ಸಂಸ್ಥೆ ದಶಕಗಳಿಂದ ತೋರಿಸುತ್ತ ಬಂದಿರುವುದು ನಮ್ಮದೇ ಹೊಲ, ಮನೆ, ಕೊಟ್ಟಿಗೆಗಳ ಜೀತವನ್ನು. ಅವರಿಗೆ ದುಭಾಷಿ ಬೇಕಿಲ್ಲ ಎಂಬುದಷ್ಟೇ ವ್ಯತ್ಯಾಸ; ಪ್ರಮಾಣಪತ್ರಕ್ಕಾಗಿ ಅಲೆಯುವುದು ಒಂದೇ ತೆರ.

ಈ ಹಂಗಾಮು ಶುರುವಾಗುವ ಮೊದಲು ಜೀತ ಕಾಯ್ದೆಯಡಿ ರಚನೆಯಾದ ಪ್ರತಿ ಜಿಲ್ಲೆಯ ಜಾಗೃತಿ ಸಮಿತಿಯ ಮುಂದೆ ನಾವು ಮೂರು ಬೇಡಿಕೆ ಇಟ್ಟಿದ್ದೇವೆ. ಹೇಳಿಕೆಯ ನಮೂನೆಯಲ್ಲಿ ಹೆಂಡತಿಗೂ ಹದಿನಾಲ್ಕು ದಾಟಿದ ಮಕ್ಕಳಿಗೂ ಪ್ರತ್ಯೇಕ ಹಾಳೆ ಇರಬೇಕು. ಕಾಯ್ದೆಯ ಪುನರ್ವಸತಿ ಯೋಜನೆ ಹೇಳಿರುವಂತೆ ಜಿಲ್ಲಾ ಮಟ್ಟದ ನಿಧಿಯಲ್ಲಿ 10 ಲಕ್ಷ ರೂಪಾಯಿ ಕಾಯಂ ಇದ್ದು, ತಕ್ಷಣದ ನೆರವು ಅವರು ರೈಲು ಹತ್ತುವ ಮೊದಲೇ ಕೈ ಸೇರಬೇಕು. ಎಫ್‌ಐಆರ್‌ನಲ್ಲಿ ಎರಡೂ ಕಾನೂನುಗಳ ಕಲಮುಗಳಿರಬೇಕು. ಒಂದು ಜಿಲ್ಲೆ ಮೊದಲನೆಯದಕ್ಕೆ ಒಪ್ಪಿ ಸುತ್ತೋಲೆ ಹೊರಡಿಸಿದೆ. ಉಳಿದ ಜಿಲ್ಲೆಗಳ ಸಭೆಗಳು ಎರಡು ಸಲ ಮುಂದೂಡಲ್ಪಟ್ಟಿವೆ. ಹೊಸ ದಿನಾಂಕಕ್ಕಾಗಿ ಸೋಮವಾರ ಮತ್ತೆ ಕಚೇರಿಗೆ ಹೋಗಬೇಕಾಗಿದೆ.