ಬೊಳ್ಳು ಉದಾಸೀನದ ನಾಯಿಯಲ್ಲ

ಮೂರು ತಿಂಗಳ ಲ್ಯಾಬ್ರಡಾರ್ ಮರಿ ಅಂಗಳದಲ್ಲಿ ಒಂದು ಸುತ್ತು ಓಡುವಷ್ಟರಲ್ಲಿ ಕೂತುಬಿಡುತ್ತದೆ ಎಂದರೆ ಉಡುಪಿಯಲ್ಲಿ ಎಲ್ಲರ ಬಳಿಯೂ ಮದ್ದಿದೆ. ಮೊಟ್ಟೆ ಹಾಕಿ, ಕ್ಯಾಲ್ಸಿಯಂ ಕೊಡಿ, ಬೂತಾಯಿ ಮೀನು ಬೇಯಿಸಿ ಹಾಕಿ. ಪಕ್ಕದ ಮನೆಯ ಅಕ್ಕ, "ಇದು ಉದಾಸೀನದ ನಾಯಿ ಮಾರಾಯ್ರೆ" ಎಂದರು. ಆ ಮಾತು ನನಗೆ ಸಹಿಸಲಾಗಲಿಲ್ಲ. ಚೆಂಡು ಕಂಡರೆ ಬೊಳ್ಳು ಕಿವಿ ನಿಮಿರಿಸಿ ಹೊರಡುತ್ತಿದ್ದ. ನಾಲ್ಕು ಹೆಜ್ಜೆಗೆ ಹಿಂಗಾಲೆರಡೂ ಜೋಡಿಯಾಗಿ ಮೊಲದ ಹಾಗೆ ಕುಪ್ಪಳಿಸುತ್ತಿದ್ದ, ಕತ್ತು ಬಾಗುತ್ತಿತ್ತು, ಕುಸಿಯುತ್ತಿದ್ದ. ಬಾಲ ಮಾತ್ರ ಆಡುತ್ತಲೇ ಇರುತ್ತಿತ್ತು. ಡಿಸೆಂಬರಿನ ಚಳಿಗೆ ಇನ್ನೂ ಕಷ್ಟ.

ಡಾಕ್ಟ್ರು ಉಣ್ಣಿಜ್ವರ, ಡಿಸ್ಟೆಂಪರ್ ಎರಡೂ ಅಲ್ಲವೆಂದು ಖಾತ್ರಿ ಮಾಡಿಕೊಂಡು, ಅವನನ್ನು ಮೇಜಿನ ಮೇಲೆ ಮಗ್ಗುಲಾಗಿ ಮಲಗಿಸಿದರು. ರಬ್ಬರ್ ಸುತ್ತಿಗೆಯಿಂದ ಮೊಣಕಾಲಿನ ಕೆಳಗೆ ತಟ್ಟಿದರು. ಕಾಲು ಅಲುಗಲಿಲ್ಲ. ಮಗ್ಗುಲು ಬದಲಿಸಿ ತಟ್ಟಿದರು, ಅದೂ ಹಾಗೆಯೇ. ಬೆರಳು ಚಿವುಟಿದಾಗ ಮಾತ್ರ ಬೊಳ್ಳು ತಿರುಗಿ ನೋಡಿದ. "ಇವನಿಗೆ ಗೊತ್ತೆಲ್ಲ ಆಗ್ತದೆ, ಸ್ನಾಯುವಿಗೆ ಬಲ ಇಲ್ಲ. ವಂಶದಿಂದ ಬಂದದ್ದಿರಬೇಕು" ಎಂದರು.

ಡಿಎನ್‌ಎ ಪರೀಕ್ಷೆಯಲ್ಲಿ ಅದು ಸೆಂಟ್ರೊನ್ಯೂಕ್ಲಿಯರ್ ಮಯೋಪತಿ ಎಂಬ, ವಂಶದಿಂದ ಬರುವ ಸ್ನಾಯುರೋಗ ಎಂದು ಗೊತ್ತಾಯಿತು. ಲ್ಯಾಬ್ರಡಾರ್‌ಗಳಲ್ಲಿ ಇದಕ್ಕೆ ಕಾರಣವಾಗುವ ಜೀನಿನ ದೋಷವನ್ನು 2005ರಲ್ಲೇ ಪತ್ತೆಮಾಡಿದ್ದಾರೆ. ಗುಣಪಡಿಸುವ ಔಷಧಿ ಇಲ್ಲ. ಆದರೆ ಸಾಮಾನ್ಯವಾಗಿ ವರ್ಷ ತುಂಬುವ ಹೊತ್ತಿಗೆ ಬಲಹೀನತೆ ಹೆಚ್ಚುವುದು ನಿಲ್ಲುತ್ತದೆ, ನೋವೂ ಇಲ್ಲ ಎಂದರು ಡಾಕ್ಟ್ರು. ನನಗೆ ಅಷ್ಟು ಸಾಕಾಯಿತು. ಅನ್ನನಾಳ ಸಡಿಲವಾಗುವ ಭಯ ಒಂದಿದೆ, ತಿಂದದ್ದು ಶ್ವಾಸಕೋಶಕ್ಕೆ ಹೋಗಬಹುದು. ಅದಕ್ಕೇ ಅವನ ಬಟ್ಟಲು ಈಗ ಸ್ಟೂಲಿನ ಮೇಲೆ. ಜಾರುವ ಟೈಲ್ಸ್ ಮೇಲೆಲ್ಲ ನಾರಿನ ಹಾಸು ಹಾಸಿದ್ದೇವೆ.

ಮರಿ ಕೊಟ್ಟವರಿಗೆ ಫೋನ್ ಮಾಡಿದೆ. ತಾಯಿಯನ್ನು ಮತ್ತೆ ಅದೇ ಗಂಡಿನ ಜೊತೆ ಬಿಡುವವರಿದ್ದರು. "ಎರಡೂ ಗಟ್ಟಿಮುಟ್ಟಾಗಿವೆಯಲ್ಲ?" ಎಂದರು. ಪ್ರತಿ ಜೀನಿನ ಒಂದು ಪ್ರತಿ ಅಪ್ಪನಿಂದ, ಒಂದು ಅಮ್ಮನಿಂದ ಬರುತ್ತದೆ, ಎರಡರಲ್ಲೂ ದೋಷವಿದ್ದರೆ ಮಾತ್ರ ಈ ರೋಗ. ದೋಷದ ಒಂದೇ ಪ್ರತಿ ಇರುವ ನಾಯಿ ಗಟ್ಟಿಮುಟ್ಟಾಗಿಯೇ ಇರುತ್ತದೆ. ಅಂಥ ಎರಡನ್ನು ಕೂಡಿಸಿದರೆ ಹುಟ್ಟುವ ಪ್ರತಿ ಮರಿಗೂ ರೋಗದ ಸಾಧ್ಯತೆ ಶೇ. 25. ಬೊಳ್ಳುವಿಗೆ ಬಂದಿದೆ ಎಂದ ಮೇಲೆ ಅಪ್ಪ, ಅಮ್ಮ ಇಬ್ಬರಲ್ಲೂ ದೋಷ ಇದ್ದೇ ಇದೆ. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಬೇಡ, ಬಿಡುವುದಿಲ್ಲ" ಎಂದರು.

ಅವನ ಒಡಹುಟ್ಟಿದ ಹೆಣ್ಣುಮರಿಯೊಂದು ಮಣಿಪಾಲದಲ್ಲಿದೆ, ಚುರುಕಾಗಿದೆಯಂತೆ. ರೋಗವಿಲ್ಲದ ಒಡಹುಟ್ಟಿನಲ್ಲೂ ದೋಷ ಇರುವ ಸಾಧ್ಯತೆ ಮೂರರಲ್ಲಿ ಎರಡು ಪಾಲು. ಮುಂದೆ ಮರಿ ಹಾಕಿಸುವ ಆಸೆ ಆ ಮನೆಯವರಿಗೂ ಇದೆ ಎಂದು ಕೇಳಿ ಅವರ ನಂಬರ್ ತೆಗೆದುಕೊಂಡೆ.