ಶಿಯಾನ್‌ನಿಂದ ವುಹಾನ್‌ಗೆ: ಹಳೇ ಚೀನೀ ಬರಹ ನೋಡಲು ಹೊರಟವರಿಗೆ

ಶಿಯಾನ್‌ಗೆ ಹೋದವರು ಮಣ್ಣಿನ ಸೈನಿಕರನ್ನು ನೋಡಿ, ಕೋಟೆ ಮೇಲೆ ಸೈಕಲ್ ಹೊಡೆದು ವಾಪಸ್ ಬರುತ್ತಾರೆ. ತಪ್ಪೇನಿಲ್ಲ. ಆದರೆ ಶಾಸನ, ಕೈಬರಹ ಅಂದರೆ ನಿಮಗೆ ಇಷ್ಟ ಇದ್ದರೆ ಸುಮಾರು ಎರಡು ಸಾವಿರ ವರ್ಷ ಹಿಂದಿನ ಚಿನ್ ಮತ್ತು ಹಾನ್ ರಾಜವಂಶಗಳ ಕಾಲದ ಅಕ್ಷರಗಳಿಗಾಗಿಯೇ ಒಂದು ಪ್ರವಾಸ ಹಾಕಿಕೊಳ್ಳಬಹುದು. ಚೀನೀ ಭಾಷೆ ಬರಲೇಬೇಕು ಅಂತಿಲ್ಲ, ನನಗೂ ಬರುವುದಿಲ್ಲ. ಕಲ್ಲು ನೋಡಿ ಅಲ್ಲಿಗೇ ಮುಗಿಸಬೇಡಿ, ವುಹಾನ್‌ಗೂ ಹೋಗಿ ಅನ್ನುವುದೇ ನನ್ನ ಮುಖ್ಯ ಸಲಹೆ.

ಮೊದಲು ಶಾನ್ಶಿ ಇತಿಹಾಸ ಮ್ಯೂಸಿಯಂ. ಮುಂಗಡ ಬುಕಿಂಗ್ ಬೇಕು, ಪಾಸ್‌ಪೋರ್ಟ್ ನಂಬರ್ ಕೊಡಬೇಕು, ಸೋಮವಾರ ರಜೆ. ಇವರ ಸಂಗ್ರಹದಲ್ಲಿ ಕಂಚಿನ ಪುಟ್ಟ ಹುಲಿ ಒಂದಿದೆ, ಸೈನ್ಯ ಕದಲಿಸಲು ಬೇಕಾಗಿದ್ದ ಅನುಮತಿಯ ಅರ್ಧ ಭಾಗ ಅದು. ಐವತ್ತು ಅಥವಾ ಅದಕ್ಕಿಂತ ಜಾಸ್ತಿ ಸೈನಿಕರನ್ನು ಹೊರಡಿಸಬೇಕಾದರೆ ದೊರೆಯ ಬಳಿ ಇರುವ ಇನ್ನರ್ಧ ಇದಕ್ಕೆ ಕೂಡಬೇಕಿತ್ತು. ಮೈಮೇಲೆ ಚಿನ್ನ ತುಂಬಿದ 40 ಅಕ್ಷರಗಳಿವೆ. ಮ್ಯೂಸಿಯಂಗೆ ಈಗ ಚಿನ್-ಹಾನ್ ಶಾಖೆ ಬೇರೆ ಇದೆ, ಹುಲಿ ಯಾವ ಕಟ್ಟಡದಲ್ಲಿದೆ ಎಂದು ನೋಡಿಕೊಂಡೇ ಬುಕ್ ಮಾಡಿ. ಹುಲಿಯ ಮೇಲಿನ ಲಿಪಿಯೇ ಝುವಾನ್‌ಶು, ಅಂದರೆ ಮುದ್ರೆ ಲಿಪಿ. ಗೆರೆಗಳೆಲ್ಲ ಒಂದೇ ದಪ್ಪ, ತಿರುವುಗಳು ದುಂಡು. ಕ್ರಿ.ಪೂ. 221ರಲ್ಲಿ ಚಿನ್ ದೊರೆ ಉಳಿದ ರಾಜ್ಯಗಳನ್ನೆಲ್ಲ ಗೆದ್ದ ಮೇಲೆ ಮಂತ್ರಿ ಲಿ ಸಿ ಇದನ್ನೇ ತಿದ್ದಿ ಇಡೀ ಸಾಮ್ರಾಜ್ಯಕ್ಕೆ ಒಂದೇ ಲಿಪಿ ಮಾಡಿದ ಎನ್ನುತ್ತಾರೆ. ನೋಡಲು ಚೆಂದ, ಆದರೆ ಬರೆಯಲು ನಿಧಾನ.

ಆಮೇಲೆ ಬೇಯ್‌ಲಿನ್ ಮ್ಯೂಸಿಯಂ, ಅಂದರೆ ಶಾಸನಕಲ್ಲುಗಳ ಕಾಡು. ಶಿಯಾನ್ ಉತ್ತರ ರೈಲು ನಿಲ್ದಾಣದಿಂದ ಮೆಟ್ರೋ 2ನೇ ಲೈನ್ ಹಿಡಿದರೆ ಸೀದಾ ಯೋಂಗ್‌ನಿಂಗ್‌ಮೆನ್, ಅಲ್ಲಿಂದ ಕೋಟೆಗೋಡೆ ಪಕ್ಕದಲ್ಲೇ ನಡೆಯಬಹುದು. 1087ರಲ್ಲಿ ಶುರುವಾದ ಜಾಗ ಇದು, ಕಲ್ಲುಗಳು ಸಾಲುಸಾಲಾಗಿ ನಿಂತಿವೆ. ಬಾಗಿಲಲ್ಲೇ 837ರಲ್ಲಿ ಕಲ್ಲಿನ ಮೇಲೆ ಕೆತ್ತಿದ ಕನ್ಫ್ಯೂಷಿಯಸ್ ಪಂಥದ ಗ್ರಂಥಗಳು ಸಿಗುತ್ತವೆ, ಒಟ್ಟು 114 ಕಲ್ಲು. ಎಲ್ಲ ಗುಂಪುಗಳೂ ಅಲ್ಲೇ ನಿಂತು ಫೋಟೋ ತೆಗೆಯುತ್ತವೆ. ನೀವು ನೇರ ಮೂರನೇ ಕೋಣೆಗೆ ಹೋಗಿ. ಲಿಪಿಗಳ ಬದಲಾವಣೆ ತೋರಿಸಲೆಂದೇ ಜೋಡಿಸಿದ ಕೋಣೆ ಅದು. ಕ್ರಿ.ಶ. 185ರ ತ್ಸಾವ್ ಚುವಾನ್ ಕಲ್ಲು ಅಲ್ಲಿದೆ. ಝುವಾನ್‌ಶು ಆದ ಮೇಲೆ ಬಂದ ಲಿಶು, ಅಂದರೆ ಗುಮಾಸ್ತರ ಲಿಪಿ, ಹೇಗಿರುತ್ತದೆ ಅಂತ ಒಂದೇ ಕಲ್ಲು ತೋರಿಸಬೇಕು ಅಂದರೆ ನಾನು ಇದನ್ನೇ ತೋರಿಸುತ್ತೇನೆ. ಅಕ್ಷರ ಚಪ್ಪಟೆಯಾಗಿ ಅಗಲಕ್ಕೆ ಹರಡಿದೆ, ಅಡ್ಡಗೆರೆ ಶುರುವಿನಲ್ಲಿ ಗುಂಡಗೆ, ಕೊನೆಗೆ ಬಾತುಕೋಳಿಯ ಬಾಲದ ಹಾಗೆ ಮೇಲಕ್ಕೆ ಏಳುತ್ತದೆ. ನೂರಾರು ವರ್ಷ ಮಣ್ಣಲ್ಲಿ ಹೂತಿದ್ದು ಮಿಂಗ್ ಕಾಲದಲ್ಲಿ ಸಿಕ್ಕಿದ್ದರಿಂದ ಅಕ್ಷರಗಳು ಅಷ್ಟಾಗಿ ಸವೆದಿಲ್ಲ. ಮುಂದೆ ಗಾಜು ಇದೆ, ಬೆಳಕು ಪ್ರತಿಫಲಿಸುತ್ತದೆ, ಬದಿಯಿಂದ ನೋಡಿ.

ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ: ಕಲ್ಲುಗಳ ನೆತ್ತಿ ನೋಡಿ. ಕೆಳಗೆ ಕೈಶು, ಅಂದರೆ ಈಗಲೂ ಬಳಸುವ ನೇರ ಅಕ್ಷರ ಇದ್ದರೂ ಮೇಲಿನ ಶೀರ್ಷಿಕೆ ಎಷ್ಟೋ ಕಡೆ ಹಳೇ ಝುವಾನ್‌ಶುವಿನಲ್ಲೇ ಇರುತ್ತದೆ. ದಿನಬಳಕೆಯಿಂದ ಹೋದ ಲಿಪಿ ಗೌರವಕ್ಕೆ ಉಳಿದುಕೊಂಡಿತು. ಎರಡನೇ ಕೋಣೆಯಲ್ಲಿ 672ರ ಕಲ್ಲೊಂದಿದೆ, ಹ್ಯೂಯೆನ್ ತ್ಸಾಂಗ್ ಅನುವಾದಿಸಿದ ಬೌದ್ಧ ಗ್ರಂಥಗಳಿಗೆ ಟಾಂಗ್ ಚಕ್ರವರ್ತಿ ಬರೆದ ಮುನ್ನುಡಿ. ನಮ್ಮ ಇಮ್ಮಡಿ ಪುಲಕೇಶಿ ಬಗ್ಗೆ ಬರೆದಿಟ್ಟನಲ್ಲ, ಅದೇ ಹ್ಯೂಯೆನ್ ತ್ಸಾಂಗ್! 4ನೇ ಶತಮಾನದ ಹೆಸರಾಂತ ಕೈಬರಹಗಾರ ವಾಂಗ್ ಶೀಝಿಯ ಕೈಬರಹದಿಂದ ಅಕ್ಷರಗಳನ್ನು ಒಂದೊಂದಾಗಿ ಆರಿಸಿ ಜೋಡಿಸಿ ಕೆತ್ತಿದ್ದಾರೆ. ಚಿನ್-ಹಾನ್ ಕಾಲಕ್ಕೆ ಹೋಲಿಸಿದರೆ ಇದು ಈಚಿನದು, ಆದರೂ ಬಿಡಬೇಡಿ.

ಹೊರಗಿನ ಶೂಯುವಾನ್‌ಮೆನ್ ಬೀದಿಯಲ್ಲಿ ಕುಂಚ, ಮಸಿ, ಕಾಗದ ಸಿಗುತ್ತವೆ. ಚೌಕಾಸಿ ಮಾಡಿ. ಮಸಿ ತೇಯುವ ಕಲ್ಲು ಮಾತ್ರ ಸುಮ್ನೆ ಭಾರ.

ಈಗ ವುಹಾನ್ ಯಾಕೆ? ಕಲ್ಲಿನ ಮೇಲೆ ಕಾಣುವುದು ಹಬ್ಬದ ದಿನದ ಬಟ್ಟೆ. ಲಿಪಿ ನಿಜವಾಗಿ ಬದಲಾಗಿದ್ದು ಸಣ್ಣ ಸರ್ಕಾರಿ ಗುಮಾಸ್ತರ ಕೈಯಲ್ಲಿ. ತೆರಿಗೆ, ಕೈದಿಗಳು, ಧಾನ್ಯದ ಲೆಕ್ಕ ಅಂತ ದಿನವಿಡೀ ಬಿದಿರಿನ ಪಟ್ಟಿ ಮೇಲೆ ಕುಂಚದಲ್ಲಿ ಬರೆಯುವವನಿಗೆ ದುಂಡು ತಿರುವು ತಿದ್ದುತ್ತಾ ಕೂರುವಷ್ಟು ಪುರುಸೊತ್ತು ಎಲ್ಲಿ? ತಿರುವು ಮುರಿದು ನೇರವಾಯಿತು, ಗೆರೆಗಳು ಕಡಿಮೆಯಾದವು. 1975ರಲ್ಲಿ ಹುಬೇಯ್ ಪ್ರಾಂತ್ಯದ ಶುಯಿಹೂದಿಯಲ್ಲಿ ಶಿ ಎಂಬ ಚಿನ್ ಅಧಿಕಾರಿಯ ಸಮಾಧಿಯಲ್ಲಿ ಸಾವಿರಕ್ಕೂ ಹೆಚ್ಚು ಪಟ್ಟಿಗಳು ಸಿಕ್ಕಿದವು, ಅವನು ಬಳಸುತ್ತಿದ್ದ ಕಾನೂನು ಪಠ್ಯಗಳೂ ಅದರಲ್ಲಿವೆ. ಅಂದರೆ ಲಿ ಸಿಯ ಲಿಪಿ ಕಲ್ಲಿಗೆ ಏರುತ್ತಿದ್ದ ಕಾಲದಲ್ಲೇ ಕಚೇರಿಯಲ್ಲಿ ಲಿಶು ಆಗಲೇ ಓಡುತ್ತಿತ್ತು. ಪಕ್ಕದ ಇನ್ನೊಂದು ಸಮಾಧಿಯಲ್ಲಿ ಇಬ್ಬರು ಸೈನಿಕ ಅಣ್ಣತಮ್ಮಂದಿರು ಮನೆಗೆ ಮರದ ಹಲಗೆ ಮೇಲೆ ಬರೆದ ಪತ್ರಗಳು ಸಿಕ್ಕಿವೆ: ದುಡ್ಡು ಕಳಿಸಿ, ಬಟ್ಟೆ ಕಳಿಸಿ ಅಂತ.

ಈ ಪಟ್ಟಿಗಳನ್ನು ವುಹಾನ್‌ನ ಹುಬೇಯ್ ಪ್ರಾಂತೀಯ ಮ್ಯೂಸಿಯಂನಲ್ಲಿ ನೋಡಿ. ಅಕ್ಷರಗಳು ತೀರಾ ಸಣ್ಣವು, ಫೋನ್ ಕ್ಯಾಮೆರಾದಲ್ಲಿ ಝೂಮ್ ಮಾಡಿಯೇ ನೋಡಬೇಕು. ಜನ ಎಲ್ಲಾ ಯುಯೆ ರಾಜ್ಯದ ದೊರೆ ಗೌಜಿಯಾನ್‌ನ ಕತ್ತಿ ಮತ್ತು ಕಂಚಿನ ಗಂಟೆಗಳ ಹತ್ತಿರ ಮುತ್ತಿಕೊಂಡಿರುವುದರಿಂದ ಇಲ್ಲಿ ಆರಾಮಾಗಿ ನಿಲ್ಲಬಹುದು. ಕತ್ತಿಯನ್ನೂ ನೋಡಿ, ಅದರ ಮೇಲಿನ ಎಂಟು ಅಕ್ಷರಗಳು ಹಕ್ಕಿ ಆಕಾರದ್ದು, ಚಿನ್ ಒಂದೇ ಲಿಪಿ ಹೇರುವ ಮುಂಚಿನ ಅಲಂಕಾರದ ಬರಹ.

ಶಿಯಾನ್‌ನಿಂದ ವುಹಾನ್‌ಗೆ ವೇಗದ ರೈಲಿದೆ, ಟಿಕೆಟ್‌ಗೂ ಪಾಸ್‌ಪೋರ್ಟೇ ಬೇಕು. ದುಡ್ಡು ಕೊಡಲು ಅಲಿಪೇ ಎಂಬ ಪಾವತಿ ಆ್ಯಪ್ ಭಾರತದಲ್ಲೇ ಹಾಕಿಕೊಂಡು ಕಾರ್ಡ್ ಜೋಡಿಸಿಡಿ. ಗೂಗಲ್ ಮ್ಯಾಪ್ ನಂಬಬೇಡಿ. ಸಸ್ಯಾಹಾರಿಗಳು ಶಿಯಾನ್‌ನಲ್ಲಿ ಲಿಯಾಂಗ್‌ಪಿ ತಿನ್ನಿ, ತಣ್ಣಗಿನ ಖಾರದ ಅಗಲ ನೂಡಲ್ಸ್ ಅದು, ಮಾಂಸ ಬೇಡ ಅಂತ ಚೀನಿಯಲ್ಲಿ ಬರೆಸಿಕೊಂಡ ಚೀಟಿ ತೋರಿಸಿ. ವುಹಾನ್ ಮ್ಯೂಸಿಯಂಗೂ ಸೋಮವಾರವೇ ರಜೆ, ಹಾಗಾಗಿ ಎರಡು ಊರಿನ ನಡುವಿನ ರೈಲು ಪ್ರಯಾಣವನ್ನು ಆ ದಿನಕ್ಕೇ ಇಟ್ಟುಕೊಳ್ಳಿ.