ಆಟದ ಪುಸ್ತಕ: ಆಟಿ ತಿಂಗಳವರೆಗೆ ಹನ್ನೊಂದು ತೀರ್ಪು

ಈ ವರ್ಷ ಬಿಸುವಿನ (ಏಪ್ರಿಲ್ ನಡುವೆ ಬರುವ ತುಳುವರ ಹೊಸ ವರ್ಷ) ಮರುದಿನ ಇನ್ನೂರು ಪುಟದ ಒಂದು ನೋಟ್‌ಬುಕ್ ತಂದೆ. ಮುಂದಿನ ಬಿಸುವಿನೊಳಗೆ 24 ಕನ್ಸೋಲ್ ಆಟಗಳನ್ನು, ಅಂದರೆ ಟಿವಿಗೆ ಜೋಡಿಸುವ ಯಂತ್ರದ ವಿಡಿಯೋ ಗೇಮ್‌ಗಳನ್ನು, ಆಡಬೇಕು, ಒಂದೊಂದಕ್ಕೂ ಕನ್ನಡದಲ್ಲಿ ತೀರ್ಪು ಬರೆಯಬೇಕು. ಇದು ನಾನೇ ಹಾಕಿಕೊಂಡ ಕೆಲಸ. ಈಗ ಆಟಿ ತಿಂಗಳು (ತುಳುವರ ಲೆಕ್ಕದಲ್ಲಿ ಜುಲೈ-ಆಗಸ್ಟಿನ ಮಳೆಯ ತಿಂಗಳು) ಮುಗಿಯುತ್ತಾ ಬಂತು. ಹನ್ನೊಂದು ಆಟ ಆಗಿದೆ. ಎರಡು ಆಟದ ಪುಟಗಳನ್ನು ಹರಿದು ಮತ್ತೆ ಬರೆದಿದ್ದೇನೆ.

ನಮ್ಮ ಮನೆ ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದಿಂದ ಸ್ವಲ್ಪ ಒಳಗೆ. ಮಳೆಗಾಲದಲ್ಲಿ ತೋಟದ ಕೆಲಸ ಬಿಟ್ಟು ಬಿಟ್ಟು ಬರುತ್ತದೆ, ಆದ್ದರಿಂದ ಸಂಜೆ ಹೊತ್ತು ಸಿಗುತ್ತದೆ. ಮೂರು ಯಂತ್ರ ಇವೆ. ದೊಡ್ಡಪ್ಪನ ಮಗ ದುಬೈಯಿಂದ ತಂದಿದ್ದ ಹಳೇ ಪಿಎಸ್2 (ಸೋನಿಯ ಪ್ಲೇಸ್ಟೇಷನ್ 2), ಮಂಗಳೂರಿನಲ್ಲಿ ಸೆಕೆಂಡ್ ಹ್ಯಾಂಡ್ ತೆಗೆದುಕೊಂಡ ಪಿಎಸ್4, ಮತ್ತೆ ಅದೇ ಅಣ್ಣ ಕಳೆದ ಸಲ ಬಂದಾಗ ಬಿಟ್ಟುಹೋದ ನಿಂಟೆಂಡೊ ಸ್ವಿಚ್.

ಕನ್ನಡದಲ್ಲೇ ಯಾಕೆ ಅಂದರೆ ಅಕ್ಕನ ಮಗನಿಗಾಗಿ. ಎಂಟನೇ ಕ್ಲಾಸು. ಶಾಲೆಯಲ್ಲಿ ಇಂಗ್ಲಿಷ್, ಗೆಳೆಯರ ಜೊತೆ ಮಲಯಾಳ, ಮನೆಯಲ್ಲಿ ತುಳು. ಕನ್ನಡ ಓದಲು ಬರುತ್ತದೆ, ಆದರೆ ಒಂದೊಂದೇ ಅಕ್ಷರ ಕೂಡಿಸಿ ಓದುತ್ತಾನೆ. ಕಥೆ ಪುಸ್ತಕ ಕೊಟ್ಟರೆ ಎರಡು ಪುಟಕ್ಕೆ ಮುಚ್ಚಿಡುತ್ತಾನೆ. ಗೇಮ್ ಬಗ್ಗೆ ಬರೆದದ್ದಾದರೆ ಕೊನೆವರೆಗೂ ಬಿಡುವುದಿಲ್ಲ.

ಜೂನ್ ಮೊದಲ ವಾರ

ಅಳಿಯನ ಮೊದಲ ಪ್ರಶ್ನೆ, "ಮಾವ, ಮಾರ್ಕ್ ಎಲ್ಲಿ? ಹತ್ತಕ್ಕೆ ಎಷ್ಟು?"

ಮೊದಲ ಮೂರು ಆಟಕ್ಕೆ ಮಾರ್ಕ್ ಹಾಕಿದ್ದೆ. ಆಮೇಲೆ ಎಲ್ಲವನ್ನೂ ಹೊಡೆದು ಹಾಕಿದೆ. ಜಪಾನಿನ ಫಾಮಿತ್ಸು ಪತ್ರಿಕೆಯ ಪದ್ಧತಿ ಅವನಿಗೆ ಹೇಳಿದೆ. ಅಲ್ಲಿ ಒಂದು ಆಟಕ್ಕೆ ನಾಲ್ಕು ಜನ ಬೇರೆ ಬೇರೆಯಾಗಿ ಹತ್ತಕ್ಕೆ ಅಂಕ ಕೊಡುತ್ತಾರೆ, ಒಟ್ಟು ನಲವತ್ತು. ಪೂರ್ತಿ ನಲವತ್ತು ಮೊದಲು ಸಿಕ್ಕಿದ್ದು 1998ರಲ್ಲಿ, ಜೆಲ್ಡಾ ಸರಣಿಯ ಒಕರಿನಾ ಆಫ್ ಟೈಮ್‌ಗೆ. ನನಗೆ ಆ ಪದ್ಧತಿಯಲ್ಲಿ ಇಷ್ಟವಾಗುವುದು ನಲವತ್ತು ಅಲ್ಲ, ನಾಲ್ಕು ಜನ. ಒಬ್ಬರು ಒಂಬತ್ತು ಕೊಟ್ಟು ಇನ್ನೊಬ್ಬರು ಆರು ಕೊಟ್ಟರೆ ಅಲ್ಲೇ ಏನೋ ವಿಷಯ ಇದೆ ಅಂತ ಗೊತ್ತಾಗುತ್ತದೆ. ಕೂಡಿಸಿದ ಕೂಡಲೇ ಅದು ಕಾಣೆಯಾಗುತ್ತದೆ.

ನಮ್ಮೂರಲ್ಲಿ ತಾಳಮದ್ದಳೆ (ವೇಷ, ಕುಣಿತ ಇಲ್ಲದೆ ಕೂತು ಪದ್ಯಕ್ಕೆ ಅರ್ಥ ಹೇಳುವ ಯಕ್ಷಗಾನ) ಮುಗಿಸಿ ಮನೆಗೆ ನಡೆಯುವಾಗ ಅಪ್ಪ ಮತ್ತು ಅವರ ಜೊತೆಗಾರರು ಮಾತಾಡುವುದನ್ನು ಚಿಕ್ಕಂದಿನಿಂದ ಕೇಳಿದ್ದೇನೆ. "ಆ ಪದ್ಯಕ್ಕೆ ಅರ್ಥ ಸಾಲಲಿಲ್ಲ." "ಕರ್ಣ ಒಳ್ಳೇದಿತ್ತು, ಕೊನೆಗೆ ಎಳೆದರು." "ಎದುರಿನವರು ಬಿಟ್ಟುಕೊಟ್ಟದ್ದರಿಂದ ಇವರು ಗೆದ್ದದ್ದು." ಯಾರೂ ಅಂಕ ಹೇಳುವುದಿಲ್ಲ. ಆದರೂ ಮರುದಿನ ಇಡೀ ಊರಿಗೆ ಯಾರು ಹೇಗೆ ಅರ್ಥ ಹೇಳಿದರು ಅಂತ ಗೊತ್ತಿರುತ್ತದೆ. ನನ್ನ ಪುಸ್ತಕಕ್ಕೂ ಅದೇ ಸಾಕು.

ಅಂಕದ ಬದಲು ಪುಟದ ಮೇಲೆ ನಾಲ್ಕು ವಿಷಯ ಬರೆಯುತ್ತೇನೆ: ಯಾವ ಯಂತ್ರ, ಯಾವ ಆವೃತ್ತಿ, ಎಷ್ಟು ಗಂಟೆ, ಪಕ್ಕದಲ್ಲಿ ಯಾರಿದ್ದರು. ಇದು ಸಣ್ಣ ವಿಷಯ ಅಲ್ಲ. ಸೈಬರ್‌ಪಂಕ್ 2077 ಬಂದದ್ದು 2020ರ ಡಿಸೆಂಬರಿನಲ್ಲಿ. ಬಿಡುಗಡೆಗೆ ಮೊದಲು ವಿಮರ್ಶಕರ ಕೈಗೆ ಸಿಕ್ಕಿದ್ದು ಕಂಪ್ಯೂಟರಿನ ಆವೃತ್ತಿ ಮಾತ್ರ. ಅದಕ್ಕೆ ಒಳ್ಳೆಯ ಮಾತು ಬಂತು. ಆ ಮಾತು ಓದಿ ಪಿಎಸ್4ಗೆ ಕೊಂಡವರಿಗೆ ಸಿಕ್ಕಿದ್ದು ಬೇರೆಯೇ ಸ್ಥಿತಿಯ ಆಟ. ಕೆಲವೇ ದಿನಗಳಲ್ಲಿ ಅದನ್ನು ಪ್ಲೇಸ್ಟೇಷನ್ ಸ್ಟೋರ್‌ನಿಂದ ತೆಗೆದರು, ಮತ್ತೆ ಬಂದದ್ದು 2021ರ ಜೂನ್‌ನಲ್ಲಿ. ತೀರ್ಪು ಸುಳ್ಳಾಗಿರಲಿಲ್ಲ. ಯಾವ ಯಂತ್ರದ ಮುಂದೆ ಕೂತು ಬರೆದದ್ದು ಅನ್ನುವುದೇ ಇಡೀ ವಿಷಯವಾಗಿತ್ತು.

ಜೂನ್ ಕೊನೆ

ಸ್ಟಾರ್‌ಡ್ಯೂ ವ್ಯಾಲಿ, ಸ್ವಿಚ್, 31 ಗಂಟೆ. ಎರಿಕ್ ಬರೋನ್ ಅನ್ನುವ ಒಬ್ಬನೇ ಮನುಷ್ಯ ಚಿತ್ರ, ಸಂಗೀತ, ಕೋಡ್ ಎಲ್ಲ ಸೇರಿಸಿ ವರ್ಷಗಟ್ಟಲೆ ಕೂತು ಮಾಡಿದ ಆಟ, 2016ರದ್ದು. ಊರಿನವರ ಹುಟ್ಟುಹಬ್ಬ ನೆನಪಿಟ್ಟು ಏನಾದರೂ ಕೊಡುವುದು, ಬೆಳಗ್ಗೆ ಎದ್ದು ಕೋಳಿಗೂಡಿಗೆ ಹೋಗುವುದು, ಇದೆಲ್ಲ ಬಹಳ ಮನಸ್ಸಿಗೆ ಬಂತು. ಆದರೆ ಕೃಷಿಕನಾಗಿ ಒಂದು ದೂರು ಬರೆದಿದ್ದೇನೆ. ಇಲ್ಲಿ ಮಳೆ ಬಂದರೆ ಗಿಡಕ್ಕೆ ನೀರು ಹಾಕುವ ಕೆಲಸ ಉಳಿಯುತ್ತದೆ, ಅಷ್ಟೇ. ಮಳೆ ಏನನ್ನೂ ಕಸಿದುಕೊಳ್ಳುವುದಿಲ್ಲ. ಮಳೆಗೆ ಅಡಿಕೆ ಕೊಳೆತು ಉದುರುವ ಕೊಳೆರೋಗ ನೋಡಿದವರಿಗೆ ಅದು ಅರ್ಧ ಮಳೆ.

ಜುಲೈ ಎರಡನೇ ವಾರ

ಇಡೀ ಮಳೆಗಾಲದ ದೊಡ್ಡ ಪುಟ ಇದು. ಬ್ರೆತ್ ಆಫ್ ದ ವೈಲ್ಡ್, ಸ್ವಿಚ್, 64 ಗಂಟೆ, ಪಕ್ಕದಲ್ಲಿ ಹೆಚ್ಚಾಗಿ ಅಳಿಯ, ಎರಡು ಸಲ ಅಪ್ಪ.

2017ರ ಮಾರ್ಚ್ 3ಕ್ಕೆ ಸ್ವಿಚ್ ಯಂತ್ರದ ಜೊತೆಗೇ ಬಂದ ಆಟ. ವಿಮರ್ಶಕರು ಹಾಡಿ ಹೊಗಳಿದ್ದಾರೆ. ಆದರೆ ಆಡಿದವರು ಎರಡು ದೂರು ಮತ್ತೆ ಮತ್ತೆ ಹೇಳುತ್ತಾರೆ. ಒಂದು, ಕತ್ತಿ, ಈಟಿ ಎಲ್ಲ ಸ್ವಲ್ಪ ಹೊತ್ತಿಗೆ ಮುರಿಯುತ್ತವೆ. ಇನ್ನೊಂದು, ಮಳೆ. ಈ ಆಟದಲ್ಲಿ ಕಣ್ಣಿಗೆ ಕಂಡ ಬೆಟ್ಟವನ್ನೆಲ್ಲ ಹೆಚ್ಚುಕಡಿಮೆ ಹತ್ತಬಹುದು. ಆದರೆ ಮಳೆ ಶುರುವಾದರೆ ಬಂಡೆ ಒದ್ದೆಯಾಗಿ ಕೈ ಜಾರುತ್ತದೆ. ನಾಲ್ಕು ಹೆಜ್ಜೆ ಮೇಲೆ, ಎರಡು ಹೆಜ್ಜೆ ಕೆಳಗೆ. ಸುಸ್ತಾಗಿ ಬೀಳುತ್ತೀರಿ.

ಮೊದಲನೇ ದೂರನ್ನು ಅರ್ಧ ಒಪ್ಪುತ್ತೇನೆ. ಒಳ್ಳೆಯ ಕತ್ತಿ ಸಿಕ್ಕಿದರೆ ಮುರಿದೀತು ಅಂತ ತೆಗೆದಿಟ್ಟು, ಕೊನೆಗೆ ಬಳಸದೇ ಉಳಿದದ್ದು ಎಷ್ಟೋ. ಕೈಯಲ್ಲಿದ್ದದ್ದನ್ನು ಬಳಸಲು ಹೆದರುವ ಹಾಗೆ ಮಾಡುವುದು ಆಟದ ದೋಷವೇ.

ಮಳೆಯ ದೂರನ್ನು ಮಾತ್ರ ಒಪ್ಪುವುದಿಲ್ಲ. ಅದನ್ನು ಆಡಿದ ಆ ವಾರ ನಮ್ಮಲ್ಲಿ ಅಡಿಕೆಗೆ ಮದ್ದು ಬಿಡಬೇಕಿತ್ತು. ಮೈಲುತುತ್ತು, ಸುಣ್ಣ ತಂದಾಗಿತ್ತು. ಮರ ಹತ್ತುವವರು ಎರಡು ಸಲ ಬಂದು ವಾಪಸ್ ಹೋದರು. ಮರ ಒದ್ದೆ, ಹತ್ತಲು ಆಗುವುದಿಲ್ಲ. ಎಲ್ಲರೂ ಜಗಲಿಯಲ್ಲಿ ಕೂತು ಆಕಾಶ ನೋಡಿದೆವು. ಸಂಜೆ ಆಟ ಹಾಕಿದರೆ ಅಲ್ಲಿಯೂ ಅದೇ. ಬಂಡೆಯ ಬುಡದಲ್ಲಿ ಬೆಂಕಿ ಹಾಕಿಕೊಂಡು ಮಳೆ ಬಿಡಲಿ ಅಂತ ಕಾಯುವುದು. ಪರದೆಯ ಮೂಲೆಯಲ್ಲಿ ಮುಂದಿನ ಕೆಲವು ಹೊತ್ತಿನ ಹವೆ ಹೇಗಿದೆ ಅಂತ ತೋರಿಸುತ್ತದೆ. ಅದನ್ನು ನೋಡಿ ಹತ್ತುವ ಸಮಯ ಲೆಕ್ಕ ಹಾಕಬೇಕು. ಮಿಂಚು ಬಂದರೆ ಲೋಹದ ಕತ್ತಿ ಗುರಾಣಿ ಬಿಚ್ಚಿಡಬೇಕು, ಇಲ್ಲದಿದ್ದರೆ ಸಿಡಿಲು ಅದರ ಮೇಲೇ ಬೀಳುತ್ತದೆ. ಇದನ್ನು ಕಂಡು ಅಪ್ಪ ತಟ್ಟನೆ, "ಗುಡುಗುವಾಗ ಅಲ್ಯೂಮಿನಿಯಂ ದೋಟಿ ಕೆಳಗಿಡು ಅಂತ ನಾನು ಎಷ್ಟು ಸಲ ಹೇಳಿಲ್ಲ?" ಅಂದರು. ಅದುವರೆಗೆ ಆಟದ ಕಡೆ ಸರಿಯಾಗಿ ನೋಡಿಯೂ ಇರದವರು ಆಮೇಲೆ ಒಂದು ಗಂಟೆ ಕೂತರು.

ನನ್ನ ತೀರ್ಪು ಹೀಗಿದೆ. ಮಳೆ ಈ ಆಟದ ಅತ್ಯಂತ ಒಳ್ಳೆಯ ಭಾಗ. ಬೆಟ್ಟ ಹತ್ತುವುದಕ್ಕೆ ಬೆಲೆ ಬರುವುದೇ ಹತ್ತಲಾಗದ ಹೊತ್ತು ಇರುವುದರಿಂದ. ಹಾಗೆಂದು ಬೇರೆಯವರ ದೂರು ಸುಳ್ಳು ಅಂತಲ್ಲ. ಸಂಜೆ ಒಂದೇ ಗಂಟೆ ಬಿಡುವು ಸಿಗುವವನಿಗೆ ಹತ್ತು ನಿಮಿಷ ಬೆಂಕಿ ಕಾಯಿಸುತ್ತಾ ಕೂರುವುದು ನಷ್ಟವೇ. ನನಗೆ ಆ ವಾರ ಕಾಯುವುದು ಬಿಟ್ಟು ಬೇರೆ ಕೆಲಸ ಇರಲಿಲ್ಲ. ಪುಟದಲ್ಲಿ ಅದನ್ನೂ ಬರೆದಿದ್ದೇನೆ.

ಜುಲೈ ಕೊನೆ

ರಾಜಿ: ಆನ್ ಏನ್ಶಿಯೆಂಟ್ ಎಪಿಕ್, ಪಿಎಸ್4, ಸುಮಾರು 6 ಗಂಟೆ. ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್ 2020ರಲ್ಲಿ ತಂದದ್ದು. ತಮ್ಮನನ್ನು ಹುಡುಕಿಕೊಂಡು ಹೋಗುವ ಹುಡುಗಿಯ ಕಥೆ. ದುರ್ಗೆ ಮತ್ತು ವಿಷ್ಣು ಮೇಲಿನಿಂದ ನೋಡುತ್ತಾ ಕಥೆ ಹೇಳುತ್ತಾರೆ. ನಡುನಡುವೆ ಕಥೆ ತೊಗಲುಗೊಂಬೆ ಆಟದ ಹಾಗೆ ನೆರಳಿನಲ್ಲಿ ಬರುತ್ತದೆ. ಆ ಭಾಗ ಬಂದಾಗಲೆಲ್ಲ ನಾವಿಬ್ಬರೂ ಮಾತು ನಿಲ್ಲಿಸಿದೆವು. ಕಾಸರಗೋಡಿನಲ್ಲಿ ಯಕ್ಷಗಾನ ಬೊಂಬೆಯಾಟ ನೋಡಿದ ಹುಡುಗ ಅವನು. ನಮ್ಮ ಕಡೆಯದ್ದು ಸೂತ್ರದ ಬೊಂಬೆ, ಇದು ನೆರಳು. ಆದರೂ ಕೈಯಾಡಿಸುವವರು ಹಿಂದೆ ಇದ್ದಾರೆ ಅನ್ನುವ ಭಾವ ಒಂದೇ.

ಎದುರಾಳಿಯ ಹೆಸರು ಮಹಾಬಲಾಸುರ. ಅದನ್ನು ಕೇಳಿದ ಕೂಡಲೇ ಅಳಿಯನಿಗೆ ಕಸಿವಿಸಿ. "ಮಹಾಬಲಿಯಾ? ಅವನು ಒಳ್ಳೆಯವನಲ್ವಾ?" ನಮ್ಮ ಜಿಲ್ಲೆಯಲ್ಲಿ ಓಣಂಗೆ ಮಾವೇಲಿಗಾಗಿ ಹೂವಿನ ರಂಗೋಲಿ ಹಾಕುತ್ತಾರೆ, ದೀಪಾವಳಿಗೆ ಬಲೀಂದ್ರನಿಗೆ ದೀಪ ಇಟ್ಟು ಕೂ ಹಾಕಿ ಕರೆಯುತ್ತೇವೆ. ಎರಡೂ ಕಡೆ ಅವನು ಬರಲಿ ಅಂತ ಕಾಯುವ ರಾಜ. ಬರೀ ಹೆಸರಿನ ಹೋಲಿಕೆ ಇದ್ದೀತು, ಆದರೂ ನಮ್ಮ ಕಿವಿಗೆ ಅದು ಹಾಗೇ ಬಿತ್ತು. ಅದನ್ನು ಬರೆಯದೇ ಬಿಡಲು ಮನಸ್ಸಾಗಲಿಲ್ಲ.

ಕಟ್ಟಡ, ಬಣ್ಣ, ಸಂಗೀತ ನಿಜವಾಗಿ ಚಂದ. ಹೊಡೆದಾಟ ಮಾತ್ರ ಬಿಗಿಯಾಗಿಲ್ಲ. ಕಥೆ ಈಗ ಏರುತ್ತದೆ ಅನ್ನುವಾಗ ಮುಗಿದುಹೋಗುತ್ತದೆ. ಹದ ಬರುವ ಮೊದಲೇ ಒಲೆಯಿಂದ ಇಳಿಸಿದ ಬೆಲ್ಲ. ಆದರೆ ಪಾಕ ಒಳ್ಳೆಯ ಕಬ್ಬಿನದ್ದು, ಅದನ್ನೂ ಅಷ್ಟೇ ಗಟ್ಟಿಯಾಗಿ ಹೇಳಬೇಕು.

ಆಗಸ್ಟ್

ಜರ್ನಿ, ಪಿಎಸ್4, ಎರಡು ಗಂಟೆ, ಒಂದೇ ಸಂಜೆ. 2012ರಲ್ಲಿ ಪಿಎಸ್3ಗೆ ಬಂದ ಆಟ. ಮರಳುಗಾಡಿನಲ್ಲಿ ನಡೆಯುವಾಗ ಎಲ್ಲಿಯದೋ ಒಬ್ಬ ಅಪರಿಚಿತ ಜೊತೆಯಾಗುತ್ತಾನೆ. ಹೆಸರು ಕಾಣುವುದಿಲ್ಲ, ಮಾತಾಡಲು ಆಗುವುದಿಲ್ಲ. ಒಂದು ಸಣ್ಣ ಸ್ವರ ಹೊರಡಿಸಬಹುದು, ಅಷ್ಟೇ. ಹಿಮದ ಬೆಟ್ಟದವರೆಗೆ ಒಬ್ಬರು ನನ್ನ ಜೊತೆ ಬಂದರು. ಅಲ್ಲಿ ನಮ್ಮ ಮನೆಯ ಕರೆಂಟು ಹೋಯಿತು. ಅವರು ಎಷ್ಟು ಹೊತ್ತು ಹಿಂದೆ ತಿರುಗಿ ನೋಡಿದರೋ ಅನ್ನುವ ಯೋಚನೆ ರಾತ್ರಿ ಇಡೀ ಹೋಗಲಿಲ್ಲ. ಪುಟದಲ್ಲಿ ಐದೇ ಸಾಲು ಬರೆದೆ.

ಸೆಕಿರೋ ಇನ್ನೂ ನಡೆಯುತ್ತಿದೆ, ಹನ್ನೊಂದರ ಲೆಕ್ಕಕ್ಕೆ ಸೇರಿಸಿಲ್ಲ. 2019ರ ಆಟ, ಆ ವರ್ಷದ ದ ಗೇಮ್ ಅವಾರ್ಡ್ಸ್‌ನಲ್ಲಿ ವರ್ಷದ ಆಟ ಅಂತ ಗೆದ್ದದ್ದು. ಸುಲಭ, ಕಷ್ಟ ಅಂತ ಆರಿಸಿಕೊಳ್ಳುವ ಅವಕಾಶವೇ ಇಲ್ಲ. ಅಶಿನಾ ಕೋಟೆಯ ಮೇಲೆ ಗೆನಿಚಿರೋ ಅನ್ನುವ ಎದುರಾಳಿಯ ಮುಂದೆ ಒಂಬತ್ತು ದಿನ ಆಯಿತು. ಎದುರಿನವನ ಏಟು ಬೀಳುವ ಕ್ಷಣಕ್ಕೆ ಸರಿಯಾಗಿ ಕತ್ತಿ ಅಡ್ಡ ಹಿಡಿದರೆ ಅವನ ನಿಲುವು ಕುಸಿಯುತ್ತಾ ಹೋಗುತ್ತದೆ. ನಾನು ಕಣ್ಣಿನಿಂದ ನೋಡಿ ಹಿಡಿಯುತ್ತಿದ್ದೆ. ಅಳಿಯ ಚೆಂಡೆ ಕಲಿಯುತ್ತಿದ್ದಾನೆ. "ಮಾವ, ನೋಡ್ಬೇಡಿ, ಕೇಳಿ. ಇದು ತಾಳ," ಅಂದ. ಅವನು ಮೂರನೇ ಪ್ರಯತ್ನಕ್ಕೆ ನನಗಿಂತ ಜಾಸ್ತಿ ಹೊತ್ತು ನಿಂತ. ಈ ಪುಟವನ್ನು ಅವನೇ ಬರೆಯಲಿ ಅಂತ ಬಿಟ್ಟುಕೊಟ್ಟಿದ್ದೇನೆ. ಮೊದಲ ನಾಲ್ಕು ಸಾಲು ಆಗಿದೆ. "ಪೆಟ್ಟು" ಬರೆಯುವಾಗ ಒತ್ತು ಬಿಟ್ಟಿದ್ದ, ಕೇಳಿ ತಿದ್ದಿಕೊಂಡ.

ಆಗಸ್ಟ್ ಎರಡನೇ ವಾರ, ಹರಿದ ಪುಟ

ಶ್ಯಾಡೋ ಆಫ್ ದ ಕೊಲೊಸಸ್, ಪಿಎಸ್2. ಫುಮಿಟೊ ಉಯೆಡ ಅವರ ನೇತೃತ್ವದಲ್ಲಿ 2005ರಲ್ಲಿ ಬಂದ ಆಟ. 2018ರಲ್ಲಿ ಪಿಎಸ್4ಗೆ ಹೊಸದಾಗಿ ಕಟ್ಟಿದ್ದಾರೆ, ನನ್ನಲ್ಲಿರುವುದು ಹಳೆಯದ್ದೇ. ದೊಡ್ಡ ಖಾಲಿ ನಾಡು, ಒಂದು ಕುದುರೆ, ಹದಿನಾರು ಬೃಹತ್ ಜೀವಗಳು. ಬೇರೆ ಶತ್ರುಗಳೇ ಇಲ್ಲ. ಕತ್ತಿಯನ್ನು ಬಿಸಿಲಿಗೆ ಎತ್ತಿದರೆ ಬೆಳಕಿನ ಗೆರೆ ದಾರಿ ತೋರಿಸುತ್ತದೆ. ಸತ್ತ ಹುಡುಗಿಯೊಬ್ಬಳನ್ನು ಬದುಕಿಸಲು ಆ ಹದಿನಾರನ್ನೂ ಕೊಲ್ಲಬೇಕು.

ಜೂನ್‌ನಲ್ಲಿ ಒಂಬತ್ತು ಮುಗಿಸಿದ್ದೆ. ಸೇವ್ ಆಗುತ್ತಿರುವಾಗ ಕರೆಂಟು ಹೋಗಿ 8 ಎಂಬಿ ಮೆಮೊರಿ ಕಾರ್ಡು ಕೆಟ್ಟಿತು. ಎಲ್ಲ ಹೋಯಿತು. ಅಷ್ಟರಲ್ಲಿ ಎರಡು ಪುಟ ತೀರ್ಪು ಬರೆದಾಗಿತ್ತು: ಹತ್ತುವ ರೋಮಾಂಚನ, ಹಿಡಿತ ಜಾರುವ ಭಯ, ಬಿದ್ದಾಗ ನೆಲ ನಡುಗುವುದು. ಆ ಯಂತ್ರಕ್ಕೆ ಆಟ ಭಾರವಾಗಿ ಚಿತ್ರ ನಿಂತು ನಿಂತು ಬರುತ್ತದೆ, ಅದನ್ನೂ ಬರೆದಿದ್ದೆ.

ಈಗ ಮೊದಲಿನಿಂದ ಆಡಿದೆ. ಐದನೆಯದು ಒಂದು ದೊಡ್ಡ ಹಕ್ಕಿ. ಕೆರೆಯ ನಡುವೆ ಸುಮ್ನೆ ಕೂತಿರುತ್ತದೆ. ಬಾಣ ಬಿಡುವವರೆಗೆ ಅದು ನಮಗೆ ಏನೂ ಮಾಡುವುದಿಲ್ಲ. ಮೊದಲ ಸಲ ಬಾಣ ಯಾವಾಗ ಬಿಡುವುದು ಅನ್ನುವ ಅವಸರದಲ್ಲಿ ಇದನ್ನು ಕಂಡೇ ಇರಲಿಲ್ಲ. ಈ ಸಲ ನೀರಿನಲ್ಲಿ ನಿಂತು ಬಹಳ ಹೊತ್ತು ನೋಡಿದೆ. ಅದು ಬಿದ್ದಾಗ ಬರುವ ಸಂಗೀತ ಗೆದ್ದವನ ಸಂಗೀತ ಅಲ್ಲ. ಜೂನ್‌ನಲ್ಲಿಯೂ ಅದೇ ಸಂಗೀತ ಬಂದಿತ್ತು, ನನ್ನ ಕಿವಿಗೆ ಹೋಗಿರಲಿಲ್ಲ. ಹಳೆಯ ಎರಡು ಪುಟ ಹರಿದೆ. ಹೊಸ ಪುಟದ ಮೊದಲ ಸಾಲು: "ಇದು ಕೊಲ್ಲುವಾಗ ಬೇಸರವಾಗಲಿ ಅಂತಲೇ ಮಾಡಿದ ಆಟ. ಅವಸರ ಮಾಡಿದರೆ ಆ ಬೇಸರ ಸಿಗುವುದಿಲ್ಲ."

ಅಳಿಯ ಓದಿ, ಹಳೆಯ ಪುಟ ಯಾಕೆ ಹರಿದಿರಿ ಅಂತ ಕೇಳಿದ. ಎರಡೂ ಇರಬೇಕಿತ್ತಂತೆ, ಮೊದಲು ಏನು ಅನ್ನಿಸಿತ್ತು ಅಂತ ಗೊತ್ತಾಗಲು. ಅವನು ಹೇಳಿದ್ದು ಸರಿ. ಹರಿದ ತುಂಡುಗಳನ್ನು ಹುಡುಕಿ ಅಂಟಿಸಿದ್ದೇನೆ, ಒಂದು ತುಂಡು ಸಿಗಲಿಲ್ಲ. ಇನ್ನು ಮುಂದೆ ಪುಟ ಹರಿಯುವುದಿಲ್ಲ, ಕೆಳಗೆ ತಾರೀಕು ಹಾಕಿ ಸೇರಿಸುತ್ತೇನೆ.

ಹೊಸ ಮೆಮೊರಿ ಕಾರ್ಡು ಬಂದಿದೆ, ಟಿವಿ ಮತ್ತು ಪಿಎಸ್2 ಎರಡನ್ನೂ ಇನ್ವರ್ಟರ್ ಲೈನಿಗೆ ಹಾಕಿಸಿದೆ. ಮತ್ತೆ ಒಂಬತ್ತು ಮುಗಿದಿದೆ. ಹತ್ತನೆಯದು ಮರಳಿನೊಳಗೆ ಈಜಿಕೊಂಡು ಕುದುರೆಯ ಹಿಂದೆ ಅಟ್ಟಿಸಿಕೊಂಡು ಬರುವ ಜೀವ. ಓಡುವ ಕುದುರೆಯ ಮೇಲಿಂದ ಹಿಂದಕ್ಕೆ ತಿರುಗಿ ಅದರ ಕಣ್ಣಿಗೆ ಬಾಣ ಬಿಡಬೇಕು. ಭಾನುವಾರ ಅಳಿಯ ಬರುತ್ತಾನೆ, ಅಲ್ಲಿಯವರೆಗೆ ಮುಟ್ಟಬೇಡಿ ಅಂತ ಹೇಳಿ ಹೋಗಿದ್ದಾನೆ.